ವರದಿ ತಾನಾಗಿ ತೆರೆದುಕೊಳ್ಳದಿರಲಿ: ಸರ್ವೆ ನಂಬರು ದಿನಾಂಕವಾಗುವುದನ್ನು ತಡೆಯುವ ಕ್ರಮ

ತೆರಿಗೆಯ ಬೇಡಿಕೆ, ವಸೂಲಿ ಮತ್ತು ಬಾಕಿಯ ವಿವರಗಳನ್ನು ತಂತ್ರಾಂಶದಿಂದ ಎಕ್ಸೆಲ್‌ಗೆ ಇಳಿಸಿಕೊಂಡು ಪಟ್ಟಿ ಸಿದ್ಧಪಡಿಸುವುದು ಗ್ರಾಮ ಪಂಚಾಯಿತಿಗಳಲ್ಲಿ ರೂಢಿಯ ಕೆಲಸ. ವರದಿ ಇಳಿದೊಡನೆ ತಾನಾಗಿ ತೆರೆದುಕೊಳ್ಳುವಂತೆ ಗಣಕಯಂತ್ರವನ್ನು ಹೊಂದಿಸಿಕೊಂಡರೆ ಒಂದು ಕ್ಲಿಕ್ ಉಳಿಯುತ್ತದೆ, ನಿಜ. ಆದರೆ ವರದಿಯು ಸಿಎಸ್‌ವಿ ಮಾದರಿಯಲ್ಲಿದ್ದರೆ ಆ ಒಂದು ಕ್ಲಿಕ್ಕಿನ ಉಳಿತಾಯದಲ್ಲಿ ಆಸ್ತಿಯ ಗುರುತೇ ಬದಲಾಗಬಹುದು.

ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಅಕ್ಷರ ಮತ್ತು ಅಂಕಿಗಳ ಕಡತ. ಯಾವ ಅಂಕಣದಲ್ಲಿ ಮೊತ್ತವಿದೆ, ಯಾವುದರಲ್ಲಿ ದಿನಾಂಕವಿದೆ ಎಂಬ ಸೂಚನೆ ಅದರಲ್ಲಿರುವುದಿಲ್ಲ. ನೇರವಾಗಿ ತೆರೆದಾಗ ಎಕ್ಸೆಲ್ ತಾನೇ ಊಹೆ ಮಾಡುತ್ತದೆ. ಬಾಳೆಹೊನ್ನೂರು ಸುತ್ತಿನ ಒಂದು ಆಸ್ತಿಯ ಸರ್ವೆ ನಂಬರು 12/3 ಎಂದಿಟ್ಟುಕೊಳ್ಳೋಣ. ಅದು ‘12-ಮಾರ್ಚ್’ ಎಂಬ ದಿನಾಂಕವಾಗುತ್ತದೆ. 15ಕ್ಕಿಂತ ಹೆಚ್ಚು ಅಂಕಿಗಳಿರುವ ಆಸ್ತಿ ಸಂಖ್ಯೆಯಲ್ಲಿ ಹದಿನೈದರ ನಂತರದ ಅಂಕಿಗಳು ಸೊನ್ನೆಗಳಾಗುತ್ತವೆ. 0045 ಎಂಬ ಸಂಕೇತ 45 ಆಗುತ್ತದೆ. ಕೆಲವೊಮ್ಮೆ ಕನ್ನಡದ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.

ಈ ಸ್ಥಿತಿಯಲ್ಲಿ ಕಡತವನ್ನು ಉಳಿಸಿದರೆ ಮೂಲ ಮಾಹಿತಿ ಅಳಿಯುತ್ತದೆ. ಅನಂತರ ಅಂಕಣವನ್ನು ‘ಟೆಕ್ಸ್ಟ್’ ಎಂದು ಬದಲಿಸಿದರೂ 12/3 ಮರಳಿ ಬಾರದು. 2025ರಲ್ಲಿ ತೆರೆದ ಕಡತವಾದರೆ ಅಲ್ಲಿ 45728 ಎಂಬ ಸಂಖ್ಯೆ ಕಾಣುತ್ತದೆ. ಎಕ್ಸೆಲ್ ದಿನಾಂಕಗಳನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದೇ ಇದಕ್ಕೆ ಕಾರಣ.

ಈ ತೊಡಕು ಪಂಚಾಯಿತಿಗಳಿಗೆ ಮಾತ್ರ ಸೀಮಿತವಲ್ಲ. ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು, ಎಕ್ಸೆಲ್‌ನಲ್ಲಿ ದಿನಾಂಕಗಳಾಗಿ ಮಾರ್ಪಡುತ್ತಿದ್ದ ಕೆಲವು ವಂಶವಾಹಿಗಳ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಸರ್ವೆ ನಂಬರನ್ನು ಹಾಗೆ ಬದಲಿಸಲಾಗದು. ಕಡತ ತೆರೆಯುವ ಕ್ರಮವನ್ನು ಬದಲಿಸಬಹುದು.

ಅನುಸರಿಸಬೇಕಾದ ಕ್ರಮ:

1. ಕ್ರೋಮ್‌ನ ‘ಸೆಟ್ಟಿಂಗ್ಸ್’ನಲ್ಲಿ ‘ಡೌನ್‌ಲೋಡ್ಸ್’ ವಿಭಾಗಕ್ಕೆ ಹೋಗಬೇಕು. ಕೆಲವು ಬಗೆಯ ಕಡತಗಳನ್ನು ತಾನಾಗಿ ತೆರೆಯುವ ಆಯ್ಕೆ ಅಲ್ಲಿ ಕಂಡರೆ ‘ಕ್ಲಿಯರ್’ ಒತ್ತಬೇಕು. ಪ್ರತಿ ಕಡತವನ್ನು ಎಲ್ಲಿ ಉಳಿಸಬೇಕೆಂದು ಕೇಳುವ ಆಯ್ಕೆಯನ್ನು ಚಾಲನೆಯಲ್ಲಿಡಬೇಕು. ತಂತ್ರಾಂಶದಲ್ಲಿಯೇ ರಫ್ತಿನ ನಂತರ ತೆರೆಯುವ ಆಯ್ಕೆಯಿದ್ದರೆ ಅದನ್ನೂ ತೆಗೆಯಬೇಕು.

2. ಇಳಿಸಿದ ಕಡತಕ್ಕೆ ವರದಿಯ ಹೆಸರು ಹಾಗೂ ದಿನಾಂಕ ನೀಡಿ, ಮೂಲ ಪ್ರತಿಯನ್ನು ತಿದ್ದದೆ ಪ್ರತ್ಯೇಕವಾಗಿಡಬೇಕು.

3. ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆರೆದು, ‘ಡೇಟಾ’ ಪಟ್ಟಿಯ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ಕಡತವನ್ನು ಆರಿಸಬೇಕು. ಕನ್ನಡ ಸರಿಯಾಗಿ ಕಾಣದಿದ್ದರೆ ‘65001: ಯೂನಿಕೋಡ್ (ಯುಟಿಎಫ್-8)’ ಆರಿಸಬೇಕು.

4. ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ, ಸರ್ವೆ ನಂಬರು, ಆಸ್ತಿ ಸಂಖ್ಯೆ ಮತ್ತು ಸಂಕೇತಗಳ ಅಂಕಣಗಳನ್ನು ‘ಟೆಕ್ಸ್ಟ್’ ಮಾಡಬೇಕು. ಪ್ರಶ್ನೆ ಕೇಳಿದರೆ ‘ರಿಪ್ಲೇಸ್ ಕರೆಂಟ್’ ಎಂದೇ ಉತ್ತರಿಸಬೇಕು. ಇಲ್ಲವಾದರೆ ಮೊದಲು ಆದ ತಪ್ಪು ಪರಿವರ್ತನೆ ಹಾಗೆಯೇ ಉಳಿಯುತ್ತದೆ. ಮೊತ್ತದ ಅಂಕಣಗಳು ಸಂಖ್ಯೆಯಾಗಿಯೇ ಇರಲಿ.

5. ‘ಕ್ಲೋಸ್ ಆ್ಯಂಡ್ ಲೋಡ್’ ಮಾಡಿ ಎಕ್ಸ್‌ಎಲ್‌ಎಸ್‌ಎಕ್ಸ್ ಮಾದರಿಯಲ್ಲಿ ಉಳಿಸಬೇಕು. ಸಾಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತ ತಂತ್ರಾಂಶದ ಪರದೆಯೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಸಂಪರ್ಕ ಕಡಿದು ವರದಿ ಅರ್ಧಕ್ಕೆ ನಿಂತಿದ್ದರೆ ಈ ತಾಳೆಯಲ್ಲಿ ತಿಳಿಯುತ್ತದೆ.

ಒಟ್ಟು ಮೊತ್ತ ಸರಿಯಿದ್ದ ಮಾತ್ರಕ್ಕೆ ಪಟ್ಟಿ ಸರಿಯಾಗಿದೆ ಎನ್ನಲಾಗದು. ಗುರುತು ಕೆಟ್ಟರೂ ಮೊತ್ತ ಕೆಡುವುದಿಲ್ಲ. ಆದ್ದರಿಂದಲೇ ಈ ದೋಷ ಬೇಗ ಕಣ್ಣಿಗೆ ಬೀಳದು. ಅಂಥ ಪಟ್ಟಿಯಿಂದ ಹೊರಟ ಬೇಡಿಕೆ ನೋಟಿಸು ಬೇರೆಯವರ ಮನೆಗೆ ಹೋದರೆ, ತೆರಿಗೆ ಕಟ್ಟಿದವರೇ ರಸೀದಿ ಹಿಡಿದು ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಬರಬೇಕಾಗುತ್ತದೆ. ಪಟ್ಟಿಗೆ ಸಹಿ ಮಾಡುವ ಮುನ್ನ ಹತ್ತು ಸರ್ವೆ ನಂಬರುಗಳನ್ನು ವಹಿಯೊಂದಿಗೆ ಹೋಲಿಸಿ ನೋಡುವುದು ಅದಕ್ಕಿಂತ ಹಗುರವಾದ ಕೆಲಸ.