ಊರಿನ ಸಹಕಾರ ಸಂಘ ಮತ್ತು ಬಡ್ಡಿಯಿಲ್ಲದ ಬೆಳೆಸಾಲ

ಮುಂಗಾರು ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ರೈತರಿಗೆ ಬೀಜ, ಗೊಬ್ಬರಕ್ಕೆ ಹಣ ಬೇಕು. ಕೈಯಲ್ಲಿಲ್ಲದವರು ಬಡ್ಡಿಗೆ ತರುತ್ತಾರೆ. ಮೆಕ್ಕೆಜೋಳ, ಶೇಂಗಾ ಮನೆಗೆ ಬರುವಷ್ಟರಲ್ಲಿ ಬಡ್ಡಿಯೇ ಫಸಲನ್ನು ತಿಂದಿರುತ್ತದೆ. ಬಡ್ಡಿ ಹರಾಮ್ ಎಂದು ಜುಮಾ ಖುತ್ಬಾದಲ್ಲಿ ಕೇಳುವ ನಾವು, ಅದರಿಂದ ಪಾರಾಗುವ ದಾರಿಗಳನ್ನೂ ತಿಳಿದಿರಬೇಕು.

ಅಂಥ ಒಂದು ದಾರಿ ನಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಈ ಚಳವಳಿ ಬೆಳೆಯಿತು. ಇಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ.

ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ಸಹಕಾರ ಸಚಿವಾಲಯ ರಚಿಸಿತು. 2025ರ ಜುಲೈಯಲ್ಲಿ, 2002ರ ನೀತಿಯ ಬದಲಿಗೆ ಹೊಸ ರಾಷ್ಟ್ರೀಯ ಸಹಕಾರ ನೀತಿ ಬಂತು. ಪ್ರತಿ ಹಳ್ಳಿಗೂ ಸಹಕಾರ ಸಂಘ ತಲುಪಬೇಕು, ಲೆಕ್ಕಪತ್ರ ಗಣಕೀಕರಣಗೊಳ್ಳಬೇಕು, ಸಂಘಗಳು ಸಾಲ ಕೊಡುವುದಲ್ಲದೆ ಗೋದಾಮು, ಔಷಧಿ ಅಂಗಡಿಯಂಥ ಸೇವೆಗಳನ್ನೂ ನಡೆಸಬೇಕು ಎಂಬುದು ಇದರ ಆಶಯ. ಆದರೆ ಸಹಕಾರ ಸಂಘಗಳು ರಾಜ್ಯದ ವಿಷಯ. ನಮ್ಮ ಸಂಘಗಳು ನಡೆಯುವುದು ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆಯಂತೆ.

ನಮಗೆ ಮುಖ್ಯವಾದದ್ದು ಶೂನ್ಯ ಬಡ್ಡಿಯ ಬೆಳೆಸಾಲ. ರಾಜ್ಯ ಸರಕಾರ 2023ರಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ರೈತ ಅಸಲನ್ನಷ್ಟೇ ಮರಳಿಸುತ್ತಾನೆ, ಬಡ್ಡಿಯ ಹೊರೆಯನ್ನು ಸರಕಾರ ಹೊರುತ್ತದೆ. ಆದರೆ ಗಡುವು ಮೀರಿದರೆ ಬಡ್ಡಿ ನಮ್ಮ ತಲೆಗೇ ಬರುತ್ತದೆ. ಆದ್ದರಿಂದ ಗಡುವಿನ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮದುವೆ, ಮನೆ ರಿಪೇರಿಗೆ ಈ ಹಣ ಮುಟ್ಟಬೇಡಿ. ಈ ಏರ್ಪಾಡಿನ ಬಗ್ಗೆ ಸಂಶಯವಿದ್ದವರು ಸಾಲಕ್ಕೆ ಮುನ್ನವೇ ಉಲಮಾಗಳಲ್ಲಿ ವಿಚಾರಿಸಿಕೊಳ್ಳಿ.

ಇನ್ನೊಂದು ತೊಡಕಿದೆ. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಉಳುವವನ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಬೆಳೆಸಾಲ ಸಿಗುವುದು ಕಷ್ಟ. ಶರೀಅತ್ತಿನಂತೆ ಹೆಣ್ಣುಮಕ್ಕಳ ಪಾಲನ್ನೂ ಸೇರಿಸಿ ಆಸ್ತಿ ಹಂಚಿಕೊಳ್ಳಿ, ಪೌತಿ ಖಾತೆ ಮಾಡಿಸಿ. ಜಮೀನಿರುವ ಅಕ್ಕತಂಗಿಯರೂ ಸಂಘದ ಸದಸ್ಯರಾಗಬಹುದು.

ಸದಸ್ಯರಾದ ಮೇಲೆ ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕ ಕೇಳಿ, ಮತ ಹಾಕಿ. ಸಾಲದ ವಹಿವಾಟನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯ ನಮಗೆ ಕಲಿಸಿದೆ. ಸಂಘದಲ್ಲಿ ಕಟ್ಟಿದ ಪ್ರತಿ ಕಂತಿನ ರಸೀದಿಯನ್ನು ಜೋಪಾನವಾಗಿಡಿ. ಅಲ್ಲಾಹನು ನಮ್ಮೆಲ್ಲರನ್ನು ಸಾಲದ ಹೊರೆಯಿಂದ ಕಾಪಾಡಲಿ. ಆಮೀನ್.