ಪಂಜರದ ಬಿರುಕಿನಲ್ಲಿ ಅಡಗುವ ನುಸಿ

ತೆಂಗಿನ ತೋಟವಿರುವ ಕಾಸರಗೋಡಿನ ಮನೆಗಳಿಗೆ ನುಸಿಯೆಂಬ ಹೆಸರು ಹೊಸದಲ್ಲ. 1998ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಕಾಣಿಸಿಕೊಂಡು, ಎಳೆಗಾಯಿಗಳನ್ನು ಮುರುಟಿಸುತ್ತ ಊರೂರಿಗೆ ಹಬ್ಬಿದ ಪೀಡೆಯನ್ನು ಹಿರಿಯರು ಮರೆತಿಲ್ಲ. ಅದರ ದೂರದ ಬಳಗವೊಂದು ಮಕ್ಕಳು ಅಕ್ಕರೆಯಿಂದ ಸಾಕಿದ ಹಕ್ಕಿಗಳ ಪಂಜರದಲ್ಲಿಯೂ ವಾಸಿಸುತ್ತದೆ. ತೆಂಗಿನ ನುಸಿಗೆ ನಾಲ್ಕೇ ಕಾಲು, ಹಕ್ಕಿಯ ನುಸಿಗೆ ಎಂಟು. ಉಳಿದಂತೆ ಇವೆರಡೂ ಕಣ್ಣಿಗೆ ಬೀಳದೆ ಹಾನಿ ಮಾಡುವುದರಲ್ಲಿ ಸಮಾನ ನಿಪುಣರು.

ಅಂಗಡಿಯಲ್ಲಿ ಲವ್ ಬರ್ಡ್ಸ್ ಎಂದು ಮಾರಲ್ಪಡುವವು ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಗಿಳಿಗಳು. ಒಂದರ ತೂಕ ಸುಮಾರು 30ರಿಂದ 40 ಗ್ರಾಂ. ಇಷ್ಟು ಪುಟ್ಟ ದೇಹಕ್ಕೆ ಸ್ವಲ್ಪ ರಕ್ತ ನಷ್ಟವಾದರೂ ದೊಡ್ಡ ಪೆಟ್ಟು. ಕೆಂಪು ನುಸಿ ಹಗಲೆಲ್ಲ ಪಂಜರದ ಸಂದುಗಳಲ್ಲಿ, ಕೂರುವ ಕೋಲಿನ ತುದಿಗಳಲ್ಲಿ, ಗೂಡುಪೆಟ್ಟಿಗೆಯ ಬಿರುಕುಗಳಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ರಕ್ತ ಹೀರುತ್ತದೆ. ಆದಕಾರಣ ಹಗಲಿನಲ್ಲಿ ಹಕ್ಕಿಯ ಗರಿ ಬಿಡಿಸಿ ನೋಡಿದವರಿಗೆ ಏನೂ ಸಿಗುವುದಿಲ್ಲ. ರಾತ್ರಿಯ ಚಡಪಡಿಕೆ, ಹಗಲಿನ ತೂಕಡಿಕೆ, ಗೂಡಿನ ಮರಿಗಳು ಬಿಳಿಚಿಕೊಂಡು ಸಾಯುವುದು ಇದರ ಸುಳಿವುಗಳು. ರಾತ್ರಿ ಪಂಜರಕ್ಕೆ ಬಿಳಿಯ ಬಟ್ಟೆ ಹೊದಿಸಿ, ಬೆಳಕು ಹರಿಯುವ ಮುನ್ನ ಅದರ ಒಳಮಡಿಕೆಗಳನ್ನು ಪರೀಕ್ಷಿಸಬೇಕು. ಚಲಿಸುವ ಚುಕ್ಕಿಯನ್ನು ಕಾಗದದ ಮೇಲೆ ಒತ್ತಿದಾಗ ಕೆಂಪು ಗೆರೆ ಮೂಡಿದರೆ ಸಂಶಯಕ್ಕೆ ಎಡೆಯಿಲ್ಲ. ಪಂಜರದ ಪಕ್ಕದಲ್ಲಿ ಮಲಗುವ ಮಕ್ಕಳ ತೋಳಿನ ಮೇಲೆ ತುರಿಕೆಯ ಗುಳ್ಳೆಗಳೇಳುವುದೂ ಉಂಟು.

ಇನ್ನೊಂದು ಬಗೆಯ ನುಸಿ ಹಕ್ಕಿಯ ಚರ್ಮವನ್ನೇ ಕೊರೆದು ಅಲ್ಲಿಯೇ ನೆಲೆಸುತ್ತದೆ. ಕೊಕ್ಕಿನ ಮೂಲೆಯಲ್ಲಿ, ಕಣ್ಣಿನ ಸುತ್ತ, ಕಾಲುಗಳ ಮೇಲೆ ಸುಣ್ಣ ಬಳಿದಂತಹ ಹಕ್ಕಳೆ ಕಟ್ಟುತ್ತದೆ. ಸಮೀಪದಿಂದ ನೋಡಿದರೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಚಿಕಿತ್ಸೆ ತಡವಾದರೆ ಕೊಕ್ಕು ವಕ್ರವಾಗಿ ಬೆಳೆದು, ಕಾಳು ಬಿಡಿಸಿ ತಿನ್ನುವುದೇ ಕಷ್ಟವಾಗುತ್ತದೆ.

ಹಾಗೆಂದು ಗರಿ ಉದುರಿದ್ದಕ್ಕೆಲ್ಲ ನುಸಿಯನ್ನು ದೂರುವುದು ನ್ಯಾಯವಲ್ಲ. ಗರಿ ಬದಲಾಯಿಸುವ ಕಾಲವಿರಬಹುದು. ತನ್ನ ಕೊಕ್ಕಿಗೆ ಎಟುಕದ ನೆತ್ತಿಯೇ ಬೋಳಾಗಿದ್ದರೆ ಜೊತೆಯ ಹಕ್ಕಿಯೂ ಆರೋಪಿಯಾಗಿರಬಹುದು. ಗರಿಗಳ ಮೇಲಿನ ಎಣ್ಣೆಯಂಶವನ್ನೂ ಶಿಲೀಂಧ್ರವನ್ನೂ ತಿಂದು ಬದುಕುವ ನಿರುಪದ್ರವಿ ನುಸಿಗಳೂ ಅನೇಕ.

ನಿಜವಾದ ಅಪಾಯ ಮನೆಮದ್ದಿನಲ್ಲಿದೆ. ನುಸಿಗುಳಿಗೆಯ ಹೆಸರು ನಂಬಿ ಅದನ್ನು ಪಂಜರದಲ್ಲಿ ಕಟ್ಟುವುದು, ಸೀಮೆಎಣ್ಣೆ ಸವರುವುದು ಹಕ್ಕಿಗೆ ವಿಷವಿಕ್ಕಿದಂತೆ. ಅದರ ಶ್ವಾಸಾಂಗ ಬಲು ಸೂಕ್ಷ್ಮ. ದನಕ್ಕೆ ತಂದ ಐವರ್ಮೆಕ್ಟಿನ್ ಚುಚ್ಚುಮದ್ದಿನ ಒಂದು ಹನಿಯನ್ನು ಹಕ್ಕಿಯ ಕತ್ತಿಗೆ ಹಾಕುವ ಸಾಹಸವೂ ಉಂಟು. ಲೆಕ್ಕ ಹಾಕಿ ನೋಡಬೇಕು. ಈ ಔಷಧದ ವಾಡಿಕೆಯ ಪ್ರಮಾಣ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ. 35 ಗ್ರಾಂ ಹಕ್ಕಿಗೆ ಅದು 0.007 ಮಿಲಿಗ್ರಾಂ ಆಗುತ್ತದೆ. ಶೇಕಡಾ 1ರ ದ್ರಾವಣದ ಒಂದು ಹನಿಯಲ್ಲಿ ಇರುವುದು ಸುಮಾರು 0.5 ಮಿಲಿಗ್ರಾಂ, ಅಂದರೆ ಎಪ್ಪತ್ತು ಪಟ್ಟು! ಔಷಧ ಅದೇ ಇರಬಹುದು. ಅದನ್ನು ತೆಳುಗೊಳಿಸಿ ಅಳೆದು ಕೊಡಬೇಕಾದವರು ಪಶುವೈದ್ಯರು. ಮೃಗಾಸ್ಪತ್ರೆ ಇರುವುದು ದನಗಳಿಗೆ ಮಾತ್ರ ಎಂದು ಸಂಕೋಚಪಡಬೇಕಾಗಿಲ್ಲ. ಮೊದಲ ಮದ್ದಿಗೆ ಮೊಟ್ಟೆಗಳು ಸಾಯದ ಕಾರಣ, ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಮತ್ತೊಮ್ಮೆ ಕೊಡುತ್ತಾರೆ. ಒಂದೇ ಪಂಜರದ ಹಕ್ಕಿಗಳಿಗೆಲ್ಲ ಒಟ್ಟಿಗೇ ಚಿಕಿತ್ಸೆಯಾಗಬೇಕು.

ಹಕ್ಕಿ ಊರಿನ ಹಸಿರು ಗಿಳಿಯಾಗಿದ್ದರೆ ಪ್ರಶ್ನೆಯೇ ಬೇರೆ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಪ್ರಕಾರ ಅದನ್ನು ಪಂಜರದಲ್ಲಿ ಸಾಕುವುದೇ ಅಪರಾಧ. ಬಜರಿಗಾರ್ ಸಾಕಲು ಈ ಅಡ್ಡಿಯಿಲ್ಲ. ಆದರೆ ಪ್ರಾಣಿಹಿಂಸೆ ತಡೆ ಅಧಿನಿಯಮ, 1960ರ 11ನೆಯ ಪ್ರಕರಣವು, ಜೀವಿಗೆ ಅಲುಗಾಡಲು ತಕ್ಕಷ್ಟು ಎಡೆಯಿಲ್ಲದ ಪಂಜರವನ್ನೂ, ಹಸಿವು ಬಾಯಾರಿಕೆಗೆ ಸಿಲುಕುವಂತೆ ಅದನ್ನು ತೊರೆಯುವುದನ್ನೂ ಕ್ರೌರ್ಯವೆಂದು ಎಣಿಸುತ್ತದೆ. ರೋಗದ ಹಕ್ಕಿಯನ್ನು ಪುಣ್ಯ ಬರಲೆಂದು ಹಾರಿಬಿಟ್ಟರೆ, ಇಲ್ಲಿಯ ಮೇವನ್ನರಿಯದ ಅದು ಸಂಜೆಯೊಳಗೆ ಕಾಗೆಗಳ ಪಾಲಾಗಬಹುದು.

ಮರದ ಗೂಡುಪೆಟ್ಟಿಗೆಯನ್ನೂ ಕೋಲುಗಳನ್ನೂ ಸುಟ್ಟುಬಿಡುವುದೇ ಲೇಸು. ಹಕ್ಕಿಯನ್ನು ಬೇರೆಡೆಗೆ ಸಾಗಿಸಿ, ಪಂಜರದ ಸಂದುಸಂದಿಗೂ ಕುದಿನೀರು ಸುರಿದು, ಸಾಬೂನಿನಿಂದ ಉಜ್ಜಿ, ಬಿಸಿಲಿನಲ್ಲಿ ಒಣಗಿಸಬೇಕು. ಹಕ್ಕಿ ಸತ್ತ ಮೇಲೆ ಪಂಜರವನ್ನು ಅಟ್ಟಕ್ಕೇರಿಸಿ, ಮುಂದಿನ ರಜೆಯಲ್ಲಿ ಅದನ್ನೇ ಇಳಿಸಿ ಹೊಸ ಜೋಡಿಯನ್ನು ಬಿಡುವವರಿದ್ದಾರೆ. ಕೆಂಪು ನುಸಿ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು.