ಬಿಟ್ಟ ಸಾಧನೆಯನ್ನು ಮರಳಿ ಹಿಡಿಯುವ ಬಗೆ

ವ್ಯಾಯಾಮವನ್ನು ಆರಂಭಿಸುವವರು ಅನೇಕರು. ಅದನ್ನು ನಡುವೆ ನಿಲ್ಲಿಸದವರು ಅತಿ ವಿರಳರು. ವಿದ್ಯಾರ್ಥಿದೆಸೆಯಲ್ಲಿ ಗರಡಿಯ ಕೆಂಪುಮಣ್ಣನ್ನು ಮೈಗೆ ಹಚ್ಚಿಕೊಂಡು ದಂಡ ಬಸ್ಕಿಗಳನ್ನು ನೂರರ ಲೆಕ್ಕದಲ್ಲಿ ಹಾಕುತ್ತಿದ್ದ ತರುಣನು, ಉದ್ಯೋಗ, ವಿವಾಹ, ಸಂತಾನ, ಸಾಲ, ಕಾಯಿಲೆ ಎಂಬಿವುಗಳ ನಡುವೆ ಸಿಕ್ಕಿ, ಒಂದು ದಿನದ ಬಿಡುವನ್ನು ವಾರಕ್ಕೂ ವಾರದ ಬಿಡುವನ್ನು ವರ್ಷಕ್ಕೂ ಬೆಳೆಯಿಸಿ, ಕೊನೆಗೆ ಆ ಅಭ್ಯಾಸವನ್ನೇ ತೊರೆದುಬಿಡುತ್ತಾನೆ. ೨೦೨೦ನೆಯ ಇಸವಿಯಲ್ಲಿ ಮಹಾಮಾರಿಯ ಕಾರಣದಿಂದ ವ್ಯಾಯಾಮಶಾಲೆಗಳು ಬಾಗಿಲು ಹಾಕಿದಾಗ ಮನೆ ಸೇರಿ, ಬಳಿಕ ಅತ್ತ ಸುಳಿಯದವರೂ ಉಂಟು. ಹೀಗೆ ಬಿಟ್ಟವನು ನಲವತ್ತು ಐವತ್ತರ ಪ್ರಾಯದಲ್ಲಿ ಮರಳಿ ಬರುವಾಗ ಹೇಗೆ ಬರಬೇಕೆಂಬುದೇ ಈ ಲೇಖನದ ವಿಷಯವು. ಹೊಸಬನಿಗೆ ಹೇಳಿಕೊಡುವವರು ಎಲ್ಲೆಲ್ಲಿಯೂ ಇರುವರು. ಹಳಬನಾದರೋ ತನಗೆ ಎಲ್ಲವೂ ತಿಳಿದಿದೆಯೆಂದು ಭಾವಿಸಿರುವುದರಿಂದ ಕೇಳುವುದೂ ಇಲ್ಲ, ಅವನಿಗೆ ಹೇಳುವವರೂ ಇಲ್ಲ. ಅಪಾಯವು ಅವನಿಗೇ ಹೆಚ್ಚು.

ನಮ್ಮ ನಾಡಿಗೆ ಈ ವಿದ್ಯೆಯು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇರುವುದು. ಮಲ್ಲರ ಆಹಾರವೇನು, ಭಾರವನ್ನೆತ್ತುವುದು, ನಡಿಗೆ, ಈಜು, ಕಂಬದ ಸಾಧನೆ ಇವುಗಳ ಕ್ರಮವೇನು ಎಂಬುದನ್ನು ಅರಸನೇ ಅಲ್ಲಿ ವಿವರಿಸಿದ್ದಾನೆ. ಮೈಸೂರಿನ ಗರಡಿಮನೆಗಳೂ ದಸರೆಯ ಜಟ್ಟಿಕಾಳಗವೂ ಪ್ರಸಿದ್ಧವಾದುವು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಯಿಸಿ ಕೀರ್ತಿವಂತರಾದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳ ಕರ್ತರೆಂಬುದನ್ನು ನೆನೆದರೆ, ಮೈಯ ಸಾಧನೆಗೂ ಮನಸ್ಸಿನ ಸಾಧನೆಗೂ ವಿರೋಧವಿಲ್ಲವೆಂಬುದು ಸ್ಪಷ್ಟವಾಗುವುದು. ಅಂದಿನ ಗರಡಿಯ ಗದೆಗಳ ಸ್ಥಾನದಲ್ಲಿ ಇಂದಿನ ಜಿಮ್ಮಿನ ಡಂಬೆಲ್ಲುಗಳು ಬಂದಿರಬಹುದು. ದೇಹದ ನಿಯಮಗಳು ಮಾತ್ರ ಬದಲಾಗಿಲ್ಲ.

ಆ ನಿಯಮಗಳಲ್ಲಿ ಮುಖ್ಯವಾದುದನ್ನು ನಮ್ಮ ಆಯುರ್ವೇದಾಚಾರ್ಯರು ಬಹು ಹಿಂದೆಯೇ ಕಂಡಿದ್ದರು. ಬಲವಂತನಾದವನೂ ತನ್ನ ಶಕ್ತಿಯ ಅರ್ಧವನ್ನು ಮಾತ್ರ ವ್ಯಾಯಾಮದಲ್ಲಿ ವ್ಯಯಮಾಡತಕ್ಕದ್ದೆಂದೂ, ಅದೂ ಚಳಿಗಾಲ ವಸಂತಕಾಲಗಳಲ್ಲಿಯೇ ಹೊರತು ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿರಬೇಕೆಂದೂ ವಾಗ್ಭಟನ ಅಭಿಪ್ರಾಯವು. ಅರ್ಧಶಕ್ತಿಯಾಯಿತೆಂದು ತಿಳಿಯುವುದು ಹೇಗೆ? ಹೃದಯದಲ್ಲಿರುವ ವಾಯುವು ಬಾಯಿಗೆ ಬಂದಾಗ, ಎಂದರೆ ಬಾಯಿಂದ ಉಸಿರಾಡತೊಡಗಿದಾಗ, ಅರ್ಧಬಲವು ವ್ಯಯವಾಯಿತೆಂದು ಸುಶ್ರುತನು ಲಕ್ಷಣವನ್ನು ಹೇಳಿದ್ದಾನೆ. ನಡೆಯುವಾಗ ಜೊತೆಗಾರನೊಡನೆ ತಡೆಯಿಲ್ಲದೆ ಮಾತನಾಡಲಾಗುವಷ್ಟೇ ವೇಗವಿರಲಿ ಎಂದು ಇಂದಿನ ವೈದ್ಯರು ಹೇಳುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ಅರ್ಧಶಕ್ತಿಯೆಂದರೆ ಇಂದಿನ ಶಕ್ತಿಯ ಅರ್ಧವೇ ಹೊರತು ಹತ್ತು ವರ್ಷಗಳ ಹಿಂದಿನ ಶಕ್ತಿಯ ಅರ್ಧವಲ್ಲ. ಮರಳಿ ಬಂದವನು ಸಾಮಾನ್ಯವಾಗಿ ಎಡವುವುದು ಈ ಸ್ಥಳದಲ್ಲಿಯೇ. “ನಾನು ಇನ್ನೂರು ಬಸ್ಕಿ ಹಾಕುತ್ತಿದ್ದವನು, ಈಗ ನೂರಾದರೂ ಹಾಕಬಾರದೆ?” ಎಂದು ಅವನು ಲೆಕ್ಕಮಾಡುತ್ತಾನೆ. ನೆನಪು ಮುಪ್ಪಾಗುವುದಿಲ್ಲ, ಮಂಡಿಯು ಮುಪ್ಪಾಗುತ್ತದೆ.

ದೇಹವು ಅಭ್ಯಾಸವನ್ನು ಕಳೆದುಕೊಳ್ಳುವುದರಲ್ಲಿಯೂ ಒಂದು ಕ್ರಮವಿದೆ. ಮೊದಲು ಕುಗ್ಗುವುದು ದಮ್ಮು; ಎರಡು ಮೂರು ವಾರಗಳ ಬಿಡುವಿನಲ್ಲಿಯೇ ಇದು ಅನುಭವಕ್ಕೆ ಬರುವುದು. ಮಾಂಸಖಂಡಗಳ ಬಲವು ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಮರಳಿ ಪಡೆಯುವುದರಲ್ಲಿ ಸಂತೋಷದ ಸಂಗತಿಯೊಂದುಂಟು: ಹಿಂದೆ ಸಾಧನೆ ಮಾಡಿದ ಮೈಯು ಹೊಸಬನ ಮೈಗಿಂತ ಬೇಗ ಚೇತರಿಸಿಕೊಳ್ಳುವುದು. ಸಾಧನೆಯಿಂದ ಸ್ನಾಯುತಂತುಗಳಲ್ಲಿ ಹೆಚ್ಚಿದ ಕೋಶಕೇಂದ್ರಗಳು, ಆ ತಂತುಗಳು ಸೊರಗಿದ ಮೇಲೆಯೂ ನಾಶವಾಗದೆ ಉಳಿಯುವುದನ್ನು ನಾರ್ವೆ ದೇಶದ ವಿಜ್ಞಾನಿಗಳು ೨೦೧೦ರಲ್ಲಿ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜವೆಂಬ ಚರ್ಚೆಯು ಇನ್ನೂ ಮುಗಿದಿಲ್ಲ. ಆದರೆ ಮಾಂಸಖಂಡವು ಬೇಗ ಬಲಿತರೂ, ಅದನ್ನು ಎಲುಬಿಗೆ ಕಟ್ಟಿರುವ ನರಕಟ್ಟುಗಳು ನಿಧಾನವಾಗಿಯೇ ಬಲಿಯುತ್ತವೆ. ಎರಡನೆಯ ತಿಂಗಳಿನಲ್ಲಿ ಉತ್ಸಾಹವೇರಿ ಭಾರವನ್ನು ಹೆಚ್ಚಿಸಿದವನಿಗೆ ಭುಜವೋ ಹಿಮ್ಮಡಿಯ ಮೇಲ್ಭಾಗವೋ ಹಿಡಿದುಕೊಳ್ಳುವುದಕ್ಕೆ ಇದೇ ಕಾರಣವು.

ನಾವು ಬಲ್ಲ ಗೃಹಸ್ಥರೊಬ್ಬರು, ಹನ್ನೆರಡು ವರ್ಷಗಳ ಬಳಿಕ ವ್ಯಾಯಾಮಶಾಲೆಗೆ ಹೋದವರು, ಮೊದಲನೆಯ ದಿನವೇ ಹುಡುಗರೆದುರಿನಲ್ಲಿ ಕಡಮೆಯಾಗಬಾರದೆಂದು ಬಸ್ಕಿಗಳನ್ನು ಎಣಿಕೆಯಿಲ್ಲದೆ ಹಾಕಿದರು. ಮಾರನೆಯ ದಿನ ತೊಡೆಗಳು ಬಾತು, ಮೆಟ್ಟಿಲಿಳಿಯಲು ಗೋಡೆಯ ಆಸರೆ ಬೇಕಾಯಿತು. ಮೂರನೆಯ ದಿನ ಮೂತ್ರವು ಕಾಫಿಯ ಕಷಾಯದ ಬಣ್ಣಕ್ಕೆ ತಿರುಗಿತು. “ಉಷ್ಣವಾಗಿದೆ, ಎಳನೀರು ಕುಡಿದರೆ ಹೋಗುವುದು” ಎಂದು ಅವರು ಸುಮ್ಮನಿರಹೊರಟರು. ಪತ್ನಿಯು ಬಿಡದೆ ಆಸ್ಪತ್ರೆಗೆ ಕರೆದೊಯ್ದುದರಿಂದ ಅವರ ಮೂತ್ರಪಿಂಡಗಳು ಉಳಿದುವು. ಮಿತಿಮೀರಿದ ಶ್ರಮದಿಂದ ಮಾಂಸತಂತುಗಳು ಒಡೆದು, ಅವುಗಳೊಳಗಿನ ದ್ರವ್ಯವು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುವ ವ್ಯಾಧಿಯಿದು. ವಿರಳವಾದರೂ ಪ್ರಾಣಾಂತಿಕವಾಗಬಲ್ಲುದು. ವ್ಯಾಯಾಮದ ಬಳಿಕ ಅತಿಯಾದ ನೋವು, ಬಾವು, ಕಪ್ಪುಮಿಶ್ರಿತ ಮೂತ್ರ ಕಂಡರೆ ಮನೆಮದ್ದಿಗೆ ಕಾಯದೆ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು.

ಹಾಗಾದರೆ ಕ್ರಮವೇನು? ಮೊದಲ ಎರಡು ವಾರಗಳಲ್ಲಿ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಸಾಕು. ಇಪ್ಪತ್ತು ನಿಮಿಷಗಳ ನಡಿಗೆಯಿಂದ ಮೈ ಬಿಸಿಯಾದ ಮೇಲೆ, ಹತ್ತು ಬಸ್ಕಿಗಳನ್ನು ಎರಡು ಕಂತಿನಲ್ಲಿ, ಬೇಕಾದರೆ ಕುರ್ಚಿಯ ಬೆನ್ನನ್ನು ಹಿಡಿದು ಹಾಕಲಿ. ದಂಡವನ್ನು ನೆಲದ ಮೇಲೆ ಹಾಕುವ ಮುನ್ನ ಗೋಡೆಗೆ ಕೈಯೂರಿ ಅಭ್ಯಾಸಮಾಡಲಿ. ಭಾರವನ್ನೆತ್ತುವವನು, ಹನ್ನೆರಡು ಸಲ ಎತ್ತಿದ ಮೇಲೆಯೂ ಇನ್ನು ಮೂರು ನಾಲ್ಕು ಸಲಕ್ಕೆ ಶಕ್ತಿಯುಳಿದಿರುವಂತಹ ಭಾರವನ್ನೇ ಆರಿಸಿಕೊಳ್ಳಲಿ. ಬಳಿಕ ಎಣಿಕೆಯನ್ನಾಗಲಿ ಭಾರವನ್ನಾಗಲಿ, ಒಂದು ಸಲಕ್ಕೆ ಒಂದನ್ನೇ, ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಎರಡು ಕಾಲುಗಳಲ್ಲಿಯೂ ಸಮನಾಗಿ ತೋರಿ ಎರಡು ಮೂರು ದಿನಗಳಲ್ಲಿ ಅಡಗುವ ಮೈನೋವಿಗೆ ಅಂಜಬೇಕಾಗಿಲ್ಲ. ಕೀಲಿನಲ್ಲಿ ಚುಚ್ಚುವ ನೋವು, ಎದೆಯ ಬಿಗಿತ, ತಲೆಸುತ್ತು ಇವು ಕಂಡೊಡನೆ ನಿಲ್ಲಿಸಬೇಕು. ಮಧುಮೇಹ, ರಕ್ತದೊತ್ತಡ, ಹೃದ್ರೋಗವುಳ್ಳವರು ವೈದ್ಯರ ಅಪ್ಪಣೆಯಿಲ್ಲದೆ ಆರಂಭಿಸಲೇಬಾರದು.

ವೃದ್ಧರು ವ್ಯಾಯಾಮವನ್ನು ವರ್ಜಿಸಬೇಕೆಂದು ವಾಗ್ಭಟನು ಹೇಳಿರುವನಷ್ಟೆ. ಗೌರವದಿಂದಲೇ ಹೇಳುವುದಾದರೆ, ಈ ಒಂದು ಮಾತನ್ನು ಇಂದಿನ ಶಾಸ್ತ್ರವು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂತ್ರಗಳ ಪ್ರಕಾರ ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮವೂ, ಎರಡು ದಿನವಾದರೂ ಬಲವರ್ಧಕ ಸಾಧನೆಯೂ ಬೇಕು. ೬೫ ದಾಟಿದವರಿಗೆ ಇವುಗಳ ಜೊತೆಗೆ, ಬೀಳದಂತೆ ಸಮತೋಲವನ್ನು ಕಾಯುವ ಅಭ್ಯಾಸವೂ ವಾರಕ್ಕೆ ಮೂರು ದಿನ ಇರಬೇಕು. ಸ್ತ್ರೀಯರಿಗೂ ಇದು ಸಮವಾಗಿಯೇ ಅನ್ವಯಿಸುವುದು. ಒನಕೆ, ಬೀಸುವ ಕಲ್ಲು, ಬಾವಿಯ ಹಗ್ಗ ಇವು ನಮ್ಮ ತಾಯಂದಿರ ತೋಳುಗಳಿಗೆ ಕೊಡುತ್ತಿದ್ದ ಕೆಲಸವನ್ನು ಈಗ ಯಂತ್ರಗಳೂ ಕೊಳಾಯಿಯೂ ವಹಿಸಿಕೊಂಡಿವೆ. ಮುಟ್ಟು ನಿಂತ ಬಳಿಕ ಸ್ತ್ರೀಯರ ಎಲುಬುಗಳು ಬೇಗನೆ ಸವೆಯುವುದರಿಂದ, ಭಾರವನ್ನೆತ್ತುವ ಅಭ್ಯಾಸವು ಅವರಿಗೆ ವಿಶೇಷವಾಗಿ ಹಿತಕರವು.

ಇನ್ನು ಮನೆಯವರಿಗೆ ಒಂದು ಮಾತು. ಮರಳಿ ಬರುವವನಿಗೆ ಭಾರಕ್ಕಿಂತಲೂ ಭಾರವಾದುದು ಲಜ್ಜೆ. ಹೊಟ್ಟೆ ಬಂದ ತಂದೆಯು ಹಜಾರದಲ್ಲಿ ಐದು ಬಸ್ಕಿ ಹಾಕಿ ಏದುಸಿರು ಬಿಡುವಾಗ ಮಕ್ಕಳು ನಕ್ಕರೆ, ಆರನೆಯದನ್ನು ಅವನು ಎಂದಿಗೂ ಹಾಕಲಾರನು. ನಗುವ ಮಕ್ಕಳೇ ಪಕ್ಕದಲ್ಲಿ ನಿಂತು ಎಣಿಸತೊಡಗಿದರೆ, ಮರುದಿನ ಅವನು ತಾನಾಗಿಯೇ ಏಳುವನು. ಗರಡಿಯಲ್ಲಿ ಎಷ್ಟು ದೊಡ್ಡ ಪೈಲವಾನನೂ ಒಳಗೆ ಕಾಲಿಡುವಾಗ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದುಂಟು. ಅಲ್ಲಿ ಹಳೆಯ ಬಿರುದಿನಿಂದ ಪ್ರವೇಶವಿಲ್ಲ, ಅಂದಂದಿನ ವಿನಯದಿಂದಲೇ ಪ್ರವೇಶ. ಬಹುಕಾಲದ ಮೇಲೆ ಮರಳುವವನು ಆ ವಿನಯವೊಂದನ್ನು ತಂದರೆ ಸಾಕು. ಉಳಿದುದನ್ನು ತಿಂಗಳುಗಳು ಕೊಡುವುವು.